ವಯಸ್ಸಾದ ಕುದುರೆಯ ಸೂಕ್ಷ್ಮ ಗೊರಸು: ಪೂರಕ ಆಹಾರವನ್ನು ಪರೀಕ್ಷಿಸಿ ನೀಡುವ ಕ್ರಮ

ಪೀಠಿಕೆ

ಕುದುರೆಯನ್ನು ನಂಬಿ ಜೀವನ ಸಾಗಿಸುವ ಕುಟುಂಬಗಳು ನಮ್ಮ ರಾಜ್ಯದಲ್ಲಿ ಇಂದಿಗೂ ಇವೆ. ಮೈಸೂರಿನಲ್ಲಿ ಜಟಕಾ, ಟಾಂಗಾ ನಡೆಸುವವರು, ಉತ್ತರ ಕರ್ನಾಟಕದಲ್ಲಿ ಕುರಿಹಿಂಡಿನೊಡನೆ ಸಂಚರಿಸುತ್ತ ಮನೆಸಾಮಾನನ್ನೂ ಎಳೆಯ ಮರಿಗಳನ್ನೂ ಕುದುರೆಯ ಬೆನ್ನಿಗೆ ಹೇರುವ ಕುರಿಗಾಹಿಗಳು, ಮದುವೆ ಮೆರವಣಿಗೆಗಳಿಗೆ ಕುದುರೆ ಒದಗಿಸುವವರು ಇವರಲ್ಲಿ ಮುಖ್ಯರು. ಉತ್ತಮ ಪಾಲನೆ ದೊರೆತರೆ ಕುದುರೆಯು 25 ವರ್ಷಗಳವರೆಗೂ ಬದುಕಬಲ್ಲದು. ಆದರೆ 15 ವರ್ಷ ದಾಟಿದ ಅನೇಕ ಕುದುರೆಗಳು ಜಲ್ಲಿ ರಸ್ತೆಯಲ್ಲಿ ಹೆಜ್ಜೆಯನ್ನು ಅಳೆದು ಅಳೆದು ಇಡತೊಡಗುತ್ತವೆ. ಗೊರಸಿನ ಅಂಚು ಪುಡಿಯಾಗುತ್ತದೆ, ಲಾಳದ ಮೊಳೆ ನಿಲ್ಲುವುದಿಲ್ಲ, ಸಣ್ಣ ಕಲ್ಲು ತಗುಲಿದರೂ ಕಾಲನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತವೆ.

ಇಂತಹ ಸಂದರ್ಭದಲ್ಲಿ ಪಾಲಕರು ಮೊದಲು ಮಾಡುವ ಕೆಲಸವೆಂದರೆ ಔಷಧ ಅಂಗಡಿಯಿಂದ ಗೊರಸಿನ ಪುಡಿಯ ಡಬ್ಬಿಯೊಂದನ್ನು ತರುವುದು. ಒಂದು ತಿಂಗಳು ತಿನ್ನಿಸಿದ ನಂತರ ‘ಗುಣ ಕಂಡಿತು’ ಎಂದೋ ‘ಹಣ ದಂಡವಾಯಿತು’ ಎಂದೋ ತೀರ್ಮಾನಿಸಲಾಗುತ್ತದೆ. ವಾಸ್ತವದಲ್ಲಿ ಈ ಎರಡೂ ತೀರ್ಮಾನಗಳಿಗೆ ಆಧಾರವಿಲ್ಲ. ಪೂರಕದಿಂದ ಬೆಳೆಯಬೇಕಾದ ಹೊಸ ಗೊರಸು ಒಂದು ತಿಂಗಳಲ್ಲಿ ನೆಲ ಮುಟ್ಟುವುದೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಗೊರಸಿನ ನೋವಿಗೆ ಬೇರೊಂದು ರೋಗವೇ ಕಾರಣವಾಗಿದ್ದಲ್ಲಿ ಡಬ್ಬಿಯನ್ನು ನಂಬಿ ಕಳೆದ ಆ ಒಂದು ತಿಂಗಳು ಕುದುರೆಯ ಪ್ರಾಣಕ್ಕೇ ಎರವಾಗಬಹುದು. ಆದುದರಿಂದ ಪೂರಕವನ್ನು ಯಾವಾಗ, ಎಷ್ಟು, ಹೇಗೆ ನೀಡಬೇಕು ಮತ್ತು ಅದರ ಫಲವನ್ನು ಹೇಗೆ ಅಳೆಯಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಗೊರಸು ಬೆಳೆಯುವ ಬಗೆ

ಗೊರಸಿನ ಹೊರಗೋಡೆಯು ನಮ್ಮ ಉಗುರಿನಂತೆ ಕೆರಾಟಿನ್ ಎಂಬ ಸಸಾರಜನಕದಿಂದ ಆಗಿದೆ. ಕೂದಲು ಮತ್ತು ಗೊರಸು ಸೇರುವ ಅಂಚಿನಲ್ಲಿ ಹೊಸ ಪದರ ಹುಟ್ಟಿ ನಿಧಾನವಾಗಿ ಕೆಳಗೆ ಸರಿಯುತ್ತದೆ. ಒಮ್ಮೆ ಗಟ್ಟಿಯಾದ ಗೋಡೆಗೆ ರಕ್ತ ಸಂಚಾರವಿರುವುದಿಲ್ಲ. ಆದುದರಿಂದ ಈಗಾಗಲೇ ಸೀಳಿರುವ ಅಥವಾ ಪುಡಿಯಾಗುತ್ತಿರುವ ಭಾಗವನ್ನು ಯಾವ ಆಹಾರವೂ ಸರಿಪಡಿಸಲಾರದು. ಆಹಾರದ ಪ್ರಭಾವ ಮುಂದೆ ಹುಟ್ಟುವ ಪದರದ ಮೇಲೆ ಮಾತ್ರ.

ಗೋಡೆಯು ತಿಂಗಳಿಗೆ ಸುಮಾರು 6 ರಿಂದ 10 ಮಿ.ಮೀ. ಬೆಳೆಯುತ್ತದೆ. ವಯಸ್ಸಾದಂತೆ ಈ ವೇಗ ಕಡಿಮೆಯಾಗುತ್ತದೆ. ಗೊರಸಿನ ಮುಂಭಾಗದ ಗೋಡೆ 7 ಸೆಂ.ಮೀ. ಉದ್ದವಿದ್ದು, ತಿಂಗಳಿಗೆ 7 ಮಿ.ಮೀ. ಬೆಳೆದರೆ, ಇಂದು ಹುಟ್ಟಿದ ಪದರ ನೆಲ ಮುಟ್ಟಲು 10 ತಿಂಗಳು ಬೇಕು. ಹಿಮ್ಮಡಿಯ ಭಾಗ ಗಿಡ್ಡವಾಗಿರುವುದರಿಂದ ಅಲ್ಲಿ ಸುಮಾರು ಅರ್ಧದಷ್ಟು ಕಾಲ ಸಾಕು. ಪೂರಕದ ಪ್ರಯೋಗಕ್ಕೆ 9 ರಿಂದ 12 ತಿಂಗಳ ಅವಧಿ ಬೇಕೆಂದು ಹೇಳುವುದು ಈ ಲೆಕ್ಕದಿಂದಲೇ.

ಇದರಿಂದ ಇನ್ನೊಂದು ಉಪಯುಕ್ತ ಸೂತ್ರ ದೊರೆಯುತ್ತದೆ. ಪೂರಕ ಆರಂಭಿಸಿದ ಎರಡು ವಾರಗಳಲ್ಲಿಯೇ ಕುದುರೆಯ ನಡಿಗೆ ಸುಧಾರಿಸಿದರೆ ಅದಕ್ಕೆ ಹೊಸ ಗೊರಸು ಕಾರಣವಲ್ಲ. ವಿಶ್ರಾಂತಿ, ಸರಿಯಾದ ಕೆತ್ತನೆ, ಒಣ ನೆಲ ಅಥವಾ ಬೆಲ್ಲ-ಧಾನ್ಯಗಳ ಕಡಿತ ಇವುಗಳಲ್ಲಿ ಯಾವುದೋ ಒಂದು ಕಾರಣವಾಗಿರುತ್ತದೆ. ಆ ನಿಜವಾದ ಕಾರಣವನ್ನು ಗುರುತಿಸಿ ಮುಂದುವರಿಸಬೇಕು.

ಪೂರಕಕ್ಕೆ ಮೊದಲು ನೋವಿನ ಕಾರಣ ತಿಳಿಯಿರಿ

‘ಸೂಕ್ಷ್ಮ ಗೊರಸು’ ಎಂಬುದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಇದರ ಹಿಂದೆ ಈ ಕೆಳಗಿನ ಕಾರಣಗಳಿರಬಹುದು.

1. ಲ್ಯಾಮಿನೈಟಿಸ್: ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಬಂಧಿಸುವ ಸೂಕ್ಷ್ಮ ಪದರಗಳು ಹಾನಿಗೊಳ್ಳುವ ರೋಗವಿದು. ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂಗಾಲುಗಳ ಮೇಲೆ ಹಾಕಿ ನಿಲ್ಲುವುದು, ತಿರುಗಲು ಹಿಂಜರಿಯುವುದು, ನಿಂತಲ್ಲಿಯೇ ಕಾಲು ಬದಲಿಸುವುದು, ಗೊರಸು ಬಿಸಿಯಾಗಿರುವುದು, ಗೊರಸಿನ ಮೇಲ್ಭಾಗದ ಕೀಲಿನ ಹಿಂಬದಿಯಲ್ಲಿ ನಾಡಿ ಬಲವಾಗಿ ಬಡಿಯುವುದು ಇದರ ಲಕ್ಷಣಗಳು. ರೋಗ ಉಲ್ಬಣಿಸಿದರೆ ಒಳಗಿನ ಎಲುಬು ತನ್ನ ಸ್ಥಾನದಿಂದ ಜಾರಿ ಅಂಗಾಲಿನ ಕಡೆಗೆ ಇಳಿಯುತ್ತದೆ. ಇದು ತುರ್ತು ಸ್ಥಿತಿ. ಅದೇ ದಿನ ಪಶುವೈದ್ಯರನ್ನು ಕರೆಸಬೇಕು. ಕುದುರೆಯನ್ನು ಬಲವಂತವಾಗಿ ನಡೆಸಬಾರದು.

2. ಇನ್ಸುಲಿನ್ ಏರುಪೇರು: ಕೆಲವು ಕುದುರೆಗಳಲ್ಲಿ ಸಕ್ಕರೆ ಮತ್ತು ಪಿಷ್ಟ ತಿಂದಾಗ ರಕ್ತದಲ್ಲಿ ಇನ್ಸುಲಿನ್ ಪ್ರಮಾಣ ಅತಿಯಾಗಿ ಏರುತ್ತದೆ. ಇನ್ಸುಲಿನ್ ದೀರ್ಘಕಾಲ ಅಧಿಕವಾಗಿದ್ದರೆ ಅದೊಂದೇ ಲ್ಯಾಮಿನೈಟಿಸ್ ಉಂಟುಮಾಡಬಲ್ಲದು ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಂತ ಪೋನಿಗಳ ಮೇಲಿನ ಅಧ್ಯಯನದಿಂದ 2007ರಲ್ಲಿ ತೋರಿಸಿದರು. ಕುತ್ತಿಗೆಯ ಮೇಲ್ಭಾಗದಲ್ಲಿ ಗಟ್ಟಿ ಕೊಬ್ಬು, ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆ ಇರುವ ಕುದುರೆಗಳಲ್ಲಿ ಇದನ್ನು ಶಂಕಿಸಬೇಕು.

3. ಪಿಟ್ಯುಟರಿ ಗ್ರಂಥಿಯ ರೋಗ: ಕುಶಿಂಗ್ ರೋಗ ಎಂದೂ ಕರೆಯಲ್ಪಡುವ ಇದು 15 ವರ್ಷ ಮೀರಿದ ಕುದುರೆಗಳಲ್ಲಿ ಹೆಚ್ಚು. ಬೇಸಿಗೆಯಲ್ಲಿಯೂ ಉದುರದ ಉದ್ದನೆಯ ಕೂದಲು, ಬೆನ್ನಿನ ಮಾಂಸಖಂಡಗಳು ಕರಗುವುದು, ಜೋತ ಹೊಟ್ಟೆ, ಅತಿಯಾಗಿ ನೀರು ಕುಡಿಯುವುದು ಮತ್ತು ಮೂತ್ರ ವಿಸರ್ಜಿಸುವುದು ಇದರ ಚಿಹ್ನೆಗಳು. ರಕ್ತ ಪರೀಕ್ಷೆಯಿಂದ ರೋಗವನ್ನು ಗುರುತಿಸಬಹುದು. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಪರ್ಗೊಲೈಡ್ ಔಷಧದಿಂದ ಹತೋಟಿಯಲ್ಲಿಡಬಹುದು. ಈ ರೋಗವಿರುವ ಕುದುರೆಗೆ ಬರೀ ಗೊರಸಿನ ಪುಡಿ ತಿನ್ನಿಸಿದರೆ ಪ್ರಯೋಜನವಿಲ್ಲ.

4. ಕೆತ್ತನೆ ಮತ್ತು ಲಾಳದ ದೋಷ: ಗೊರಸನ್ನು 5 ರಿಂದ 8 ವಾರಗಳಿಗೊಮ್ಮೆ ಕೆತ್ತಿಸಬೇಕು. ಮುಂಭಾಗ ಉದ್ದವಾಗಿ ಬೆಳೆದರೆ ಪ್ರತಿ ಹೆಜ್ಜೆಯಲ್ಲಿಯೂ ಗೋಡೆ ಒಳಪದರದಿಂದ ಸೆಳೆಯಲ್ಪಡುತ್ತದೆ. ಅಂಗಾಲನ್ನು ಅತಿಯಾಗಿ ಕೆರೆದು ತೆಳುಗೊಳಿಸಿದರೂ ಕುದುರೆ ಕಲ್ಲಿನ ಮೇಲೆ ಕಾಲೂರಲು ಅಳುಕುತ್ತದೆ.

5. ಕೊಳೆತ ಮತ್ತು ಕೀವು: ಅಂಗಾಲಿನ ಮಧ್ಯದಲ್ಲಿರುವ, ಫ್ರಾಗ್ ಎಂದು ಕರೆಯುವ ತ್ರಿಕೋನಾಕಾರದ ಮೆತ್ತನೆಯ ಭಾಗವು ಸಗಣಿ-ಗಂಜಳದ ಕೆಸರಿನಲ್ಲಿ ನಿಂತರೆ ಕೊಳೆಯುತ್ತದೆ. ಕಪ್ಪು ಸ್ರಾವ ಮತ್ತು ದುರ್ವಾಸನೆ ಇದರ ಗುರುತು. ಒಂದೇ ಕಾಲಿನಲ್ಲಿ ಇದ್ದಕ್ಕಿದ್ದಂತೆ ತೀವ್ರ ಕುಂಟು ಕಂಡುಬಂದರೆ ಗೊರಸಿನೊಳಗೆ ಕೀವು ಕಟ್ಟಿರುವ ಸಾಧ್ಯತೆ ಹೆಚ್ಚು.

6. ಕೀಲುಗಳ ಸವೆತ: ಮುದಿ ಕುದುರೆಯ ಬಿಗಿ ನಡಿಗೆಗೆ ಕಾರಣ ಗೊರಸಾಗಿರದೆ ಕೀಲುಗಳಾಗಿರಬಹುದು. ಪಶುವೈದ್ಯರು ಗೊರಸನ್ನು ಒತ್ತಿ ನೋಡುವ ಇಕ್ಕಳದಿಂದ ನೋವಿನ ಸ್ಥಾನವನ್ನು ಪತ್ತೆ ಹಚ್ಚಬಲ್ಲರು.

ಮೊದಲು ಮೂಲ ಆಹಾರವನ್ನು ಸರಿಪಡಿಸಿ

ಪೂರಕವೆಂದರೆ ಮೂಲ ಆಹಾರದ ಕೊರತೆಯನ್ನು ತುಂಬುವ ವಸ್ತು. ಮೂಲ ಆಹಾರವೇ ದೋಷಪೂರಿತವಾಗಿದ್ದರೆ ಪೂರಕದಿಂದ ಲಾಭವಾಗದು. ನಮ್ಮ ರಾಜ್ಯದ ಪಾಲನಾ ಪದ್ಧತಿಯಲ್ಲಿ ಈ ಕೆಳಗಿನ ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು.

ಮೇವು: ದಿನವೊಂದಕ್ಕೆ ದೇಹ ತೂಕದ ಶೇ. 1.5 ರಿಂದ 2ರಷ್ಟು ಒಣ ಪದಾರ್ಥವಿರುವ ಮೇವು ಅಗತ್ಯ. 250 ಕಿ.ಗ್ರಾಂ. ತೂಕದ ಕುದುರೆಗೆ ಇದು ಸುಮಾರು 4 ರಿಂದ 5 ಕಿ.ಗ್ರಾಂ. ಒಣ ಮೇವಿಗೆ ಸಮ. ಗರಿಕೆ ಹುಲ್ಲು ಕುದುರೆಗೆ ಉತ್ತಮ ಮೇವು. ಹಲ್ಲು ಸವೆದ ಮುದಿ ಕುದುರೆಯು ಹುಲ್ಲನ್ನು ಅಗಿದು ಉಂಡೆಯಾಗಿ ಉಗುಳುತ್ತಿದ್ದರೆ ಹಲ್ಲಿನ ತಪಾಸಣೆ ಮಾಡಿಸಿ, ಮೇವನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡಬೇಕು.

ಬೆಲ್ಲ ಮತ್ತು ಧಾನ್ಯ: ದುಡಿಯುವ ಕುದುರೆಗೆ ಬೆಲ್ಲ ತಿನ್ನಿಸುವ ರೂಢಿ ಹಲವೆಡೆ ಇದೆ. ಗೊರಸಿನ ನೋವಿರುವ ಮುದಿ ಕುದುರೆಗೆ ಬೆಲ್ಲ, ಕಬ್ಬಿನ ಸೋಗೆ-ತುಂಡು, ಅನ್ನ, ಮೆಕ್ಕೆಜೋಳ, ಮದುವೆ ಮನೆಯ ಸಿಹಿ ಪದಾರ್ಥಗಳನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಇನ್ಸುಲಿನ್ ಏರುಪೇರಿನ ಶಂಕೆಯಿದ್ದಲ್ಲಿ ಒಣಹುಲ್ಲನ್ನು 30 ರಿಂದ 60 ನಿಮಿಷ ನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ ನೀಡಿದರೆ ಹುಲ್ಲಿನ ಸಕ್ಕರೆಯ ಅಂಶ ತಗ್ಗುತ್ತದೆ. ನಮ್ಮ ಸೆಖೆಯಲ್ಲಿ ನೆನೆದ ಹುಲ್ಲು ಬೇಗ ಹುಳಿಯುವುದರಿಂದ ಕೂಡಲೇ ತಿನ್ನಿಸಬೇಕು.

ಹುರುಳಿ: ಬೇಯಿಸಿದ ಹುರುಳಿ ನಮ್ಮ ನಾಡಿನ ಪಾರಂಪರಿಕ ಕುದುರೆ ಆಹಾರ. ಇದರಲ್ಲಿ ಸುಮಾರು ಶೇ. 22ರಷ್ಟು ಸಸಾರಜನಕವಿದೆ. ಹಸಿ ಹುರುಳಿಯಲ್ಲಿರುವ, ಸಸಾರಜನಕದ ಜೀರ್ಣಕ್ರಿಯೆಗೆ ಅಡ್ಡಿಯಾಗುವ ಅಂಶಗಳು ಬೇಯಿಸಿದಾಗ ಕುಗ್ಗುತ್ತವೆ. ಆದರೆ ಇತರ ದ್ವಿದಳ ಧಾನ್ಯಗಳಂತೆ ಹುರುಳಿಯಲ್ಲಿಯೂ ಗೊರಸಿಗೆ ಬೇಕಾದ ಮಿಥಿಯೋನಿನ್ ಕಡಿಮೆ. ಎಳ್ಳು ಹಿಂಡಿ ಮತ್ತು ಸೂರ್ಯಕಾಂತಿ ಹಿಂಡಿಗಳಲ್ಲಿ ಮಿಥಿಯೋನಿನ್ ಚೆನ್ನಾಗಿರುವುದರಿಂದ ಅಲ್ಪ ಪ್ರಮಾಣದಲ್ಲಿ ಹುರುಳಿಯೊಡನೆ ಬೆರೆಸುವುದು ಯುಕ್ತ. ಹಿಂಡಿಗೆ ಬೂಷ್ಟು ಹಿಡಿದಿರಬಾರದು.

ಬೂಸಾ ಮತ್ತು ತೌಡು: ಗೋಧಿ ಬೂಸಾದಲ್ಲಿ ಸುಣ್ಣಾಂಶಕ್ಕಿಂತ ರಂಜಕವು ಸುಮಾರು 10 ಪಟ್ಟು ಅಧಿಕವಾಗಿದೆ. ಅಕ್ಕಿ ತೌಡಿನಲ್ಲಿಯೂ ರಂಜಕವೇ ಬಹಳ ಹೆಚ್ಚು. ಬೂಸಾವನ್ನೇ ಮುಖ್ಯ ಆಹಾರವನ್ನಾಗಿ ನೀಡಿದರೆ ದೇಹವು ಎಲುಬಿನಿಂದ ಸುಣ್ಣಾಂಶವನ್ನು ಸೆಳೆದುಕೊಳ್ಳುತ್ತದೆ. ಕುದುರೆ ಕುಂಟುತ್ತದೆ, ಮುಖದ ಎಲುಬು ಊದಿಕೊಳ್ಳುತ್ತದೆ. ಒಟ್ಟು ಆಹಾರದಲ್ಲಿ ಸುಣ್ಣಾಂಶವು ರಂಜಕಕ್ಕಿಂತ ಹೆಚ್ಚಿರಬೇಕು.

ನೇಪಿಯರ್ ಹುಲ್ಲು: ಹೈಬ್ರಿಡ್ ನೇಪಿಯರ್ ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣಾಂಶವನ್ನು ಹಿಡಿದಿಟ್ಟು ಕುದುರೆಗೆ ದೊರೆಯದಂತೆ ಮಾಡುತ್ತದೆ. ಇದೊಂದನ್ನೇ ನೀಡದೆ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮುಂತಾದ ಸುಣ್ಣಾಂಶಭರಿತ ಮೇವನ್ನು ಜೊತೆಯಲ್ಲಿ ನೀಡಬೇಕು.

ಸುಬಾಬುಲ್ ಸೊಪ್ಪು: ಮೇಕೆಗಳಿಗೆ ಬೆಳೆಸುವ ಸುಬಾಬುಲ್ ಸೊಪ್ಪಿನಲ್ಲಿರುವ ಮಿಮೋಸಿನ್ ಎಂಬ ವಿಷಕಾರಿ ಅಂಶದಿಂದ ಕುದುರೆಯ ಅಯಾಲು ಮತ್ತು ಬಾಲದ ಕೂದಲು ಉದುರುತ್ತವೆ, ಗೊರಸಿನ ಬೆಳವಣಿಗೆ ಕೆಡುತ್ತದೆ. ಗೊರಸಿನ ಮೇಲೆ ಅಸಹಜ ಉಂಗುರಗಳು ಕಂಡರೆ ಬೇಲಿಯಂಚಿನ ಈ ಗಿಡವನ್ನು ಕುದುರೆ ಮೇಯುತ್ತಿದೆಯೇ ಎಂದು ಪರಿಶೀಲಿಸಬೇಕು. ಕುದುರೆಗೆ ಈ ಸೊಪ್ಪು ಬೇಡ.

ಎಚ್ಚರಿಕೆ: ದನ ಮತ್ತು ಕೋಳಿಗಳ ಆಹಾರದಲ್ಲಿ ಬೆರೆಸಲಾಗುವ ಮೊನೆನ್ಸಿನ್, ಸಲಿನೊಮೈಸಿನ್ ಔಷಧಗಳು ಕುದುರೆಗೆ ಮಾರಕ. ದೇಹ ತೂಕದ ಪ್ರತಿ ಕಿಲೋಗೆ 2 ರಿಂದ 3 ಮಿ.ಗ್ರಾಂ. ಮೊನೆನ್ಸಿನ್ ಸೇವನೆಯಿಂದ ಹೃದಯದ ಸ್ನಾಯು ಹಾನಿಗೊಂಡು ಕುದುರೆ ಸಾಯಬಹುದು. ಕೋಳಿ ಆಹಾರವನ್ನು ಎಂದಿಗೂ ನೀಡಬಾರದು. ದನದ ಸಿದ್ಧ ಆಹಾರದಲ್ಲಿ ಇವು ಇಲ್ಲವೆಂಬುದು ಖಚಿತವಾಗದ ಹೊರತು ಅದನ್ನೂ ನೀಡಬಾರದು.

ಯಾವ ಪೂರಕದಿಂದ ಏನು ನಿರೀಕ್ಷಿಸಬಹುದು?

ಬಯೋಟಿನ್: ಗೊರಸಿನ ಪೂರಕಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಪಟ್ಟಿರುವುದು ಇದೇ. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಿಪಿಜಾನರ್ ತಳಿಯ ಕುದುರೆಗಳಿಗೆ ದಿನಕ್ಕೆ 20 ಮಿ.ಗ್ರಾಂ. ಬಯೋಟಿನ್ ನೀಡಲಾಯಿತು, ಹೋಲಿಕೆಗಾಗಿ ಬೇರೊಂದು ಗುಂಪಿಗೆ ಬಯೋಟಿನ್ ಇಲ್ಲದ ಪುಡಿಯನ್ನು ನೀಡಲಾಯಿತು. ಬಯೋಟಿನ್ ಪಡೆದ ಕುದುರೆಗಳಲ್ಲಿ ಸುಮಾರು 9 ತಿಂಗಳ ನಂತರ ಗೊರಸಿನ ಗುಣಮಟ್ಟ ಸುಧಾರಿಸಿತು. ಆದರೆ ಬೆಳವಣಿಗೆಯ ವೇಗ ಹೆಚ್ಚಲಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಬಯೋಟಿನ್ ಗೊರಸನ್ನು ಬೇಗ ಬೆಳೆಸುವುದಿಲ್ಲ, ಹೊಸ ಪದರದ ಗುಣವನ್ನು ಉತ್ತಮಪಡಿಸುತ್ತದೆ. ಮತ್ತು ಈ ಪುರಾವೆ ಇರುವುದು ಸೀಳುವ, ಪುಡಿಯಾಗುವ ಗೋಡೆಗೆ ಸಂಬಂಧಿಸಿದಂತೆ. ತೆಳುವಾದ ಅಂಗಾಲಿನ ನೋವು ಬಯೋಟಿನ್‌ನಿಂದ ಶಮನವಾಗುತ್ತದೆ ಎಂದು ಇದರಿಂದ ಭಾವಿಸಬಾರದು.

ಸತು ಮತ್ತು ತಾಮ್ರ: ಕೆರಾಟಿನ್ ಗಟ್ಟಿಗೊಳ್ಳಲು ಈ ಎರಡೂ ಖನಿಜಗಳು ಅಗತ್ಯ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2007ರ ಶಿಫಾರಸಿನಂತೆ, ಕೆಲಸವಿಲ್ಲದ 500 ಕಿ.ಗ್ರಾಂ. ತೂಕದ ಪ್ರೌಢ ಕುದುರೆಗೆ ದಿನಕ್ಕೆ ಸುಮಾರು 400 ಮಿ.ಗ್ರಾಂ. ಸತು ಮತ್ತು 100 ಮಿ.ಗ್ರಾಂ. ತಾಮ್ರ ಬೇಕು. ಅಂದರೆ ಇವೆರಡರ ಅನುಪಾತ 4:1. ಒಂದನ್ನು ಮಾತ್ರ ಅತಿಯಾಗಿ ನೀಡಿದರೆ ಇನ್ನೊಂದರ ಹೀರುವಿಕೆ ಕುಂದುತ್ತದೆ.

ಮಿಥಿಯೋನಿನ್: ಕೆರಾಟಿನ್‌ಗೆ ಬಲ ನೀಡುವ ಗಂಧಕಯುಕ್ತ ಅಮೈನೋ ಆಮ್ಲವಿದು. ಸಸಾರಜನಕದ ಕೊರತೆಯಿಂದ ಬಡಕಲಾದ ಕುದುರೆಗೆ ಮೊದಲು ಬೇಕಾದುದು ಉತ್ತಮ ಸಸಾರಜನಕವುಳ್ಳ ಆಹಾರ. ನಂತರವಷ್ಟೇ ಮಿಥಿಯೋನಿನ್ ಪುಡಿಯ ಯೋಚನೆ.

ಸೆಲೆನಿಯಂ: ಇದರ ಅಗತ್ಯ ಪ್ರಮಾಣಕ್ಕೂ ವಿಷಕಾರಿ ಪ್ರಮಾಣಕ್ಕೂ ನಡುವಿನ ಅಂತರ ಕಿರಿದು. 500 ಕಿ.ಗ್ರಾಂ. ಕುದುರೆಗೆ ದಿನಕ್ಕೆ ಸುಮಾರು 1 ಮಿ.ಗ್ರಾಂ. ಸಾಕು. ದೀರ್ಘಕಾಲ ಅತಿಯಾದರೆ ಅಯಾಲು, ಬಾಲದ ಕೂದಲು ಉದುರಿ ಗೊರಸು ಕೂದಲಂಚಿನ ಬಳಿ ಬಿರುಕು ಬಿಡುತ್ತದೆ. ಗೊರಸಿನ ಪುಡಿ, ಖನಿಜ ಮಿಶ್ರಣ ಮತ್ತು ಟಾನಿಕ್ ಮೂರರಲ್ಲಿಯೂ ಸೆಲೆನಿಯಂ ಇದ್ದು, ಮೂರನ್ನೂ ಒಟ್ಟಿಗೆ ನೀಡುವುದರಿಂದ ಅಪಾಯ ಉಂಟಾಗುತ್ತದೆ.

ಅಗಸೆ: ಅಗಸೆ ಬೀಜದಲ್ಲಿ ಒಮೆಗಾ-3 ಕೊಬ್ಬಿನಾಮ್ಲವಿದ್ದು ಸಕ್ಕರೆ-ಪಿಷ್ಟ ಕಡಿಮೆ. ತೂಕ ಕಳೆದುಕೊಂಡ ಮುದಿ ಕುದುರೆಗೆ ಶಕ್ತಿಯ ಮೂಲವಾಗಿ ಇದನ್ನು ಕುದಿಸಿ ಅಥವಾ ಆಗಷ್ಟೇ ಪುಡಿ ಮಾಡಿ ಸ್ವಲ್ಪವಾಗಿ ನೀಡಬಹುದು. ಗೊರಸಿಗೆ ಇದು ನೇರ ಔಷಧವಲ್ಲ.

ಪ್ರಮಾಣದ ಲೆಕ್ಕ

ಡಬ್ಬಿಗಳ ಮೇಲಿನ ಪ್ರಮಾಣವನ್ನು ಸಾಮಾನ್ಯವಾಗಿ 500 ಕಿ.ಗ್ರಾಂ. ಕುದುರೆಗೆ ಸೂಚಿಸಿರುತ್ತಾರೆ. ನಮ್ಮ ಸಣ್ಣ ಗಾತ್ರದ ಕುದುರೆಗಳ ತೂಕ ಇದರ ಅರ್ಧದಷ್ಟಿರಬಹುದು. ಆದುದರಿಂದ ಮೊದಲು ತೂಕವನ್ನು ಅಂದಾಜಿಸಬೇಕು. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರ್‌ಗಳಲ್ಲಿ ಅಳೆಯಿರಿ.

ತೂಕ (ಕಿ.ಗ್ರಾಂ.) = ಸುತ್ತಳತೆ × ಸುತ್ತಳತೆ × ಉದ್ದ ÷ 11,880

ಉದಾಹರಣೆ: ಸುತ್ತಳತೆ 150 ಸೆಂ.ಮೀ., ಉದ್ದ 132 ಸೆಂ.ಮೀ. ಇದ್ದರೆ ತೂಕ 250 ಕಿ.ಗ್ರಾಂ. ಈ ಕುದುರೆಗೆ ದಿನದ ಅಂದಾಜು ಪ್ರಮಾಣ ಹೀಗಿದೆ.

• ಬಯೋಟಿನ್: 10 ಮಿ.ಗ್ರಾಂ. (ಪೂರಕವಾಗಿ)
• ಸತು: 200 ಮಿ.ಗ್ರಾಂ. (ಮೇವು ಸೇರಿ ಒಟ್ಟು ಆಹಾರದಿಂದ)
• ತಾಮ್ರ: 50 ಮಿ.ಗ್ರಾಂ. (ಒಟ್ಟು ಆಹಾರದಿಂದ)
• ಸೆಲೆನಿಯಂ: 0.5 ಮಿ.ಗ್ರಾಂ. (ಒಟ್ಟು ಆಹಾರದಿಂದ)

ಡಬ್ಬಿಯ ಚೀಟಿಯನ್ನು ಓದುವುದನ್ನೂ ರೂಢಿಸಿಕೊಳ್ಳಬೇಕು. ಒಂದು ಕಿಲೋ ಪುಡಿಯಲ್ಲಿ 500 ಮಿ.ಗ್ರಾಂ. ಬಯೋಟಿನ್ ಇದೆ ಎಂದು ಬರೆದಿದ್ದರೆ, 10 ಮಿ.ಗ್ರಾಂ. ಪಡೆಯಲು ದಿನಕ್ಕೆ 20 ಗ್ರಾಂ ಪುಡಿ ಬೇಕು. ಆ ಡಬ್ಬಿ 50 ದಿನ ಬರುತ್ತದೆ. ಡಬ್ಬಿಯ ಬೆಲೆಯನ್ನು 50ರಿಂದ ಭಾಗಿಸಿದರೆ ದಿನದ ಖರ್ಚು, ಅದನ್ನು 300ರಿಂದ ಗುಣಿಸಿದರೆ 10 ತಿಂಗಳ ಖರ್ಚು ದೊರೆಯುತ್ತದೆ. ಅಷ್ಟು ವೆಚ್ಚವನ್ನು ಭರಿಸಲು ಸಾಧ್ಯವೇ ಎಂದು ಮೊದಲೇ ಆಲೋಚಿಸಿ. ಎರಡು ತಿಂಗಳು ನೀಡಿ ನಿಲ್ಲಿಸುವುದಾದರೆ ಅದೇ ಹಣವನ್ನು ನಿಯಮಿತ ಕೆತ್ತನೆಗೆ ವಿನಿಯೋಗಿಸುವುದು ಮೇಲು. ಪ್ರಮಾಣವನ್ನು ಬರೆಯದೆ ಬರೀ ಪದಾರ್ಥಗಳ ಹೆಸರನ್ನು ಮಾತ್ರ ನಮೂದಿಸಿರುವ ಪುಡಿಗಳನ್ನು ಕೊಳ್ಳಬೇಡಿ.

ಪ್ರಯೋಗದ ಹಂತಗಳು

ಹಂತ 1 – ತಪಾಸಣೆ: ಪಶುವೈದ್ಯರಿಂದ ಮೇಲ್ಕಂಡ ರೋಗಗಳ ಪರೀಕ್ಷೆ ಹಾಗೂ ಹಲ್ಲಿನ ತಪಾಸಣೆ. ಲಾಳ ಕಟ್ಟುವವರಿಂದ ಗೊರಸಿನ ಕೆತ್ತನೆ.

ಹಂತ 2 – ಪೂರಕವಿಲ್ಲದ 6 ರಿಂದ 8 ವಾರ: ಆಹಾರದ ದೋಷಗಳನ್ನು ತಿದ್ದಿ, ನಿಲ್ಲುವ ಜಾಗವನ್ನು ಒಣಗಿಸಿ, ದಿನವೂ ಗೊರಸನ್ನು ಶುಚಿಗೊಳಿಸಿ. ಆಹಾರದ ಬದಲಾವಣೆಗಳನ್ನು 7 ರಿಂದ 10 ದಿನಗಳಲ್ಲಿ ಹಂತಹಂತವಾಗಿ ಮಾಡಬೇಕು. ಇಲ್ಲವಾದರೆ ಹೊಟ್ಟೆಶೂಲೆಗೆ ದಾರಿಯಾಗುತ್ತದೆ. ಆದರೆ ಬೆಲ್ಲ ಮತ್ತು ಸಿಹಿ ಪದಾರ್ಥಗಳನ್ನು ಒಮ್ಮೆಲೇ ನಿಲ್ಲಿಸಬಹುದು. ಎಷ್ಟೋ ಕುದುರೆಗಳ ನಡಿಗೆ ಈ ಹಂತದಲ್ಲಿಯೇ ಸುಧಾರಿಸುತ್ತದೆ.

ಹಂತ 3 – ಆರಂಭಿಕ ದಾಖಲೆ: ಪ್ರತಿ ಗೊರಸನ್ನು ಮುಂಭಾಗ, ಪಕ್ಕ ಮತ್ತು ಅಂಗಾಲಿನಿಂದ ಮೊಬೈಲಿನಲ್ಲಿ ಛಾಯಾಚಿತ್ರ ತೆಗೆಯಿರಿ. ಲಾಳ ಕಟ್ಟುವವರಿಂದ ಕೂದಲಂಚಿನಿಂದ 1 ಸೆಂ.ಮೀ. ಕೆಳಗೆ ಗೋಡೆಯ ಹೊರಮೈ ಮೇಲೆ ಮಾತ್ರ ಅರದಿಂದ ತೆಳುವಾದ ಗೆರೆಯೊಂದನ್ನು ಹಾಕಿಸಿ. ಈ ಗೆರೆ ಕೂದಲಂಚಿನಿಂದ ದೂರ ಸರಿದಂತೆ ಬೆಳವಣಿಗೆಯ ಅಳತೆ ಸಿಗುತ್ತದೆ. ಗೆರೆಯ ಮೇಲಿರುವುದು ಬಹುತೇಕ ಪೂರಕದ ಕಾಲದಲ್ಲಿ ಹುಟ್ಟಿದ ಗೊರಸು, ಕೆಳಗಿರುವುದು ಹಳೆಯದು.

ಹಂತ 4 – ಒಂದೇ ಪೂರಕ, ಒಂದೇ ಪ್ರಮಾಣ: ಆಯ್ದ ಪೂರಕವನ್ನು ಪ್ರತಿದಿನ ತಪ್ಪದೆ 9 ರಿಂದ 12 ತಿಂಗಳು ನೀಡಬೇಕು. ಈ ಅವಧಿಯಲ್ಲಿ ಇನ್ನೊಂದು ಪುಡಿಯನ್ನು ಸೇರಿಸಬಾರದು. ಕುದುರೆ ಪುಡಿಯನ್ನು ಬಿಟ್ಟರೆ ಬೆಲ್ಲದಲ್ಲಿ ಉಂಡೆ ಕಟ್ಟಬೇಡಿ. ಒದ್ದೆ ಮೇವಿಗೆ ಬೆರೆಸಿ, ಚಿಟಿಕೆ ಮೆಂತ್ಯದ ಪುಡಿ ಸೇರಿಸಿ. ಮೆಂತ್ಯದ ವಾಸನೆಯನ್ನು ಕುದುರೆಗಳು ಇಷ್ಟಪಡುತ್ತವೆ.

ಹಂತ 5 – ತಿಂಗಳ ದಾಖಲೆ: ಪ್ರತಿ ತಿಂಗಳು ಒಂದೇ ದಿನಾಂಕದಂದು ಈ ಅಂಶಗಳನ್ನು ಬರೆದಿಡಿ.

• ಗೆರೆಯಿಂದ ಕೂದಲಂಚಿಗೆ ಇರುವ ದೂರ
• ಹೊಸ ಭಾಗದಲ್ಲಿ ಬಿರುಕು ಇದೆಯೇ, ಇಲ್ಲವೇ
• ಕಳಚಿದ ಲಾಳಗಳ ಸಂಖ್ಯೆ
• ಸಮತಟ್ಟಾದ ಗಟ್ಟಿ ನೆಲದಲ್ಲಿ ಮತ್ತು ಜಲ್ಲಿ ನೆಲದಲ್ಲಿ ನಡಿಗೆಯ ಅಂಕ: 0 – ಸಲೀಸು, 1 – ಎಚ್ಚರಿಕೆಯ ಹೆಜ್ಜೆ, 2 – ಸ್ಪಷ್ಟ ಕುಂಟು, 3 – ನಡೆಯಲು ನಿರಾಕರಣೆ
• ಆ ತಿಂಗಳಿನ ಮಳೆ, ಕೆಲಸ, ಕೆತ್ತನೆಯ ದಿನಾಂಕ, ನೀಡಿದ ಔಷಧಗಳು

ನಡಿಗೆಯನ್ನು ಅದೇ ದಾರಿಯಲ್ಲಿ, ಅದೇ ವ್ಯಕ್ತಿ ಹಿಡಿದು ನಡೆಸುವಾಗ ನೋಡಬೇಕು. ಸಾಧ್ಯವಾದರೆ ವಿಡಿಯೊ ಮಾಡಿಟ್ಟುಕೊಳ್ಳಿ. ನೋವು ನಿವಾರಕ ನೀಡಿದ ದಿನಗಳ ಅಂಕವನ್ನು ಹೋಲಿಕೆಗೆ ಬಳಸಬಾರದು. ನಡಿಗೆಯ ಅಂಕ 2 ಅಥವಾ 3ಕ್ಕೆ ಏರಿದರೆ ಪ್ರಯೋಗವನ್ನು ಬದಿಗಿಟ್ಟು ಪಶುವೈದ್ಯರನ್ನು ಕರೆಸಬೇಕು.

ಫಲಿತಾಂಶವನ್ನು ತಿಳಿಯುವುದು ಹೇಗೆ?

ಮಳೆಗಾಲದಲ್ಲಿ ಗೊರಸು ನೀರು ಹೀರಿ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಒಣಗಿ ಗಡುಸಾಗುತ್ತದೆ. ಆಗಸ್ಟಿನಲ್ಲಿ ಆರಂಭಿಸಿ ಜನವರಿಯಲ್ಲಿ ನೋಡಿದರೆ ಪೂರಕವಿಲ್ಲದೆಯೂ ಗೊರಸು ಗಟ್ಟಿಯಾದಂತೆ ಕಾಣಬಹುದು. ಆದುದರಿಂದ ಒಂದು ವರ್ಷದ ದಾಖಲೆಯಲ್ಲಿ ಅದೇ ಋತುವನ್ನು ಅದೇ ಋತುವಿನೊಡನೆ ಹೋಲಿಸಬೇಕು.

ಮೂರು ತಿಂಗಳ ಹೊತ್ತಿಗೆ ಗೆರೆಯ ಮೇಲಿನ ಹೊಸ ಭಾಗ ನಯವಾಗಿ, ಬಿಗಿಯಾಗಿ ಬೆಳೆಯುತ್ತಿದ್ದರೆ ಅದು ಶುಭಸೂಚನೆ, ಮುಂದುವರಿಸಿ. 9 ರಿಂದ 12 ತಿಂಗಳಲ್ಲಿ ಹೊಸ ಭಾಗ ನೆಲ ಮುಟ್ಟಿದಾಗ ಅಂಚು ಪುಡಿಯಾಗದೆ ಮೊಳೆ ಹಿಡಿದು ನಿಂತರೆ ಪೂರಕ ಉಪಯುಕ್ತವಾಗಿರುವ ಸಂಭವವಿದೆ. ಬಯೋಟಿನ್ ನಿಲ್ಲಿಸಿದ ಬಳಿಕ ಕೆಲವು ಕುದುರೆಗಳಲ್ಲಿ ಗೊರಸು ಮತ್ತೆ ದುರ್ಬಲವಾಗುವುದರಿಂದ ಮುಂದುವರಿಸುವ ಬಗ್ಗೆ ಪಶುವೈದ್ಯರೊಡನೆ ಚರ್ಚಿಸಿ. 12 ತಿಂಗಳ ನಂತರವೂ ಮೇಲಿನ ಮತ್ತು ಕೆಳಗಿನ ಭಾಗಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಪೂರಕವನ್ನು ನಿಲ್ಲಿಸಿ. ಡಬ್ಬಿ ಬದಲಿಸುವ ಬದಲು ಕಾರಣವನ್ನು ಮರುಪರಿಶೀಲಿಸಿ.

ಗೊರಸು ಗಟ್ಟಿಯಾದರೂ ನಡಿಗೆಯ ನೋವು ಹಾಗೆಯೇ ಉಳಿದರೆ ನೋವಿನ ಮೂಲ ಬೇರೆಡೆ ಇದೆ ಎಂದು ತಿಳಿಯಬೇಕು. ಆಗ ಎಕ್ಸ್-ರೇ ಪರೀಕ್ಷೆಯಿಂದ ಅಂಗಾಲಿನ ದಪ್ಪ ಮತ್ತು ಎಲುಬಿನ ಸ್ಥಾನವನ್ನು ಅರಿಯಬಹುದು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಪಾಲಕರು ಪೂರಕದ ಹೆಸರು ಕೇಳಿ ಬಂದಾಗ ಹೆಸರಿಗೆ ಮುನ್ನ ಐದು ಪ್ರಶ್ನೆಗಳನ್ನು ಕೇಳಿ: ಕುದುರೆಯ ವಯಸ್ಸು ಮತ್ತು ತೂಕವೆಷ್ಟು? ಕೊನೆಯ ಬಾರಿ ಕೆತ್ತನೆಯಾದದ್ದು ಯಾವಾಗ? ಒಂದು ದಿನದಲ್ಲಿ ಏನೇನು ತಿನ್ನುತ್ತದೆ, ಬೆಲ್ಲವೂ ಸೇರಿ? ನೋವು ಒಂದು ಕಾಲಿನಲ್ಲಿಯೋ ಎರಡೂ ಮುಂಗಾಲುಗಳಲ್ಲಿಯೋ? ಬೇಸಿಗೆಯಲ್ಲಿ ಕೂದಲು ಉದುರಿತೇ? ಈ ಉತ್ತರಗಳಿಂದ ತುರ್ತು ಪ್ರಕರಣಗಳನ್ನು ಬೇರ್ಪಡಿಸಿ ಪಶುವೈದ್ಯರ ಬಳಿಗೆ ಕಳುಹಿಸಲು ಸಾಧ್ಯವಾಗುತ್ತದೆ. ಸಂಚಾರಿ ಕುರಿಗಾಹಿಗಳಿಗೆ ತಿಂಗಳ ದಾಖಲೆ ಕಷ್ಟವಾದರೆ ಅಮಾವಾಸ್ಯೆಗೊಮ್ಮೆ ಮೊಬೈಲಿನಲ್ಲಿ ಗೊರಸಿನ ಚಿತ್ರ ತೆಗೆದಿಡಲು ತಿಳಿಸಿ.

ದುಡಿಮೆಯ ಪ್ರಶ್ನೆಯನ್ನೂ ಸೌಮ್ಯವಾಗಿ ಪ್ರಸ್ತಾಪಿಸಬೇಕು. ವಯಸ್ಸು, ರೋಗ ಅಥವಾ ಗಾಯದ ಕಾರಣದಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ನೋವಿರುವ ಕಾಲಿನ ಮೇಲೆ ಗಾಡಿಯ ಭಾರ ಹೊರಿಸುತ್ತ ಪೂರಕದ ಫಲ ನಿರೀಕ್ಷಿಸುವುದು ಸರಿಯಲ್ಲ. ಸಂಪಾದನೆ ನಿಲ್ಲುವ ಆತಂಕ ಪಾಲಕರಿಗಿರುವುದು ಸಹಜ. ಆದರೆ ಸಕಾಲದಲ್ಲಿ ನೀಡಿದ ಕೆಲವು ವಾರಗಳ ವಿಶ್ರಾಂತಿಯು ಶಾಶ್ವತ ಕುಂಟುತನವನ್ನು ತಪ್ಪಿಸಬಹುದೆಂದು ಮನವರಿಕೆ ಮಾಡಿಕೊಡಬೇಕು.

ಮುಖ್ಯಾಂಶಗಳು

• ಸೂಕ್ಷ್ಮ ಗೊರಸು ಒಂದು ಲಕ್ಷಣ. ಮೊದಲು ಕಾರಣ, ನಂತರ ಪೂರಕ.
• ಬಿಸಿ ಗೊರಸು, ಬಲವಾದ ನಾಡಿ, ಹಿಂದಕ್ಕೆ ವಾಲಿದ ನಿಲುವು ಕಂಡರೆ ಅದೇ ದಿನ ಪಶುವೈದ್ಯರನ್ನು ಸಂಪರ್ಕಿಸಿ.
• ಬೆಲ್ಲ ನಿಲ್ಲಿಸಿ, ಬೂಸಾ ಮಿತಿಗೊಳಿಸಿ, ಸುಬಾಬುಲ್ ಮತ್ತು ಕೋಳಿ ಆಹಾರವನ್ನು ದೂರವಿಡಿ.
• ಪೂರಕದ ಪ್ರಮಾಣವನ್ನು ಕುದುರೆಯ ತೂಕಕ್ಕೆ ಅನುಗುಣವಾಗಿ ಲೆಕ್ಕ ಹಾಕಿ. ಸೆಲೆನಿಯಂ ಇರುವ ಹಲವು ಉತ್ಪನ್ನಗಳನ್ನು ಒಟ್ಟಿಗೆ ನೀಡಬೇಡಿ.
• ಒಮ್ಮೆಗೆ ಒಂದೇ ಪೂರಕ, ಕನಿಷ್ಠ 9 ತಿಂಗಳು, ಲಿಖಿತ ದಾಖಲೆಯೊಡನೆ.
• 5 ರಿಂದ 8 ವಾರಗಳಿಗೊಮ್ಮೆ ಕೆತ್ತನೆ ತಪ್ಪಿಸಬೇಡಿ.

ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಆಸ್ಪತ್ರೆ, ಪಶುವೈದ್ಯಕೀಯ ಕಾಲೇಜು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ ಸಂಚಾರಿ ಪಶು ಚಿಕಿತ್ಸಾ ಸೇವೆಯ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.